ಮೊಪೆಡ್ಡಿನ ಮೇಲೆ ಮಹಾಪಯಣ

ಮೊಪೆಡ್ ಎಂದರೆ ಪೇಟೆಗೆ ಹೋಗಿಬರುವವರ ವಾಹನವೆಂಬುದು ಸಾಮಾನ್ಯ ಗ್ರಹಿಕೆ. ಮೋಟಾರು, ಪೆಡಲು ಎಂಬ ಎರಡು ಪದಗಳು ಕೂಡಿ ಆದ ಹೆಸರು ಅದು. 50 ಸಿ.ಸಿ.ಯ ಎಂಜಿನ್, ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನ ವೇಗ. ಅದರ ಬಂಡವಾಳ ಇಷ್ಟೆ. ಅಂತಹ ವಾಹನವನ್ನೇರಿ ಏಕಾಂಗಿಯಾಗಿ ಪಶ್ಚಿಮ ಕೆನಡಾವನ್ನು ದಾಟುವವರೂ ಉಂಟು. ವ್ಯಾಂಕೂವರಿನಿಂದ ವಿನಿಪೆಗ್ ನಗರಕ್ಕೆ ರಸ್ತೆಯ ದೂರ ಸುಮಾರು 2,300 ಕಿಲೋಮೀಟರು. ವಿಮಾನವು ಸುಮಾರು ಮೂರು ಗಂಟೆಯಲ್ಲಿ ಮುಟ್ಟುವ ಊರನ್ನು ಸೇರಲು ಮೊಪೆಡ್ಡಿಗೆ ಹತ್ತು ದಿನಗಳಾದರೂ ಹಿಡಿಯುತ್ತವೆ. ಇದೊಂದು ಹುಚ್ಚು ಸಾಹಸವೆಂದು ನಗುವವರಿದ್ದಾರೆ. ಆದರೆ ಒಂದು ನಾಡಿನ ವಿಸ್ತಾರವನ್ನು ನಿಜವಾಗಿ ಅರಿಯಬಲ್ಲವನು ನಿಧಾನವಾಗಿ ಸಾಗುವವನೇ ಹೊರತು ಹಾರಿಹೋಗುವವನಲ್ಲ.

ಬ್ರಿಟಿಷ್ ಕೊಲಂಬಿಯಾ ಪ್ರಾಂತದ ರೋಜರ್ಸ್ ಕಣಿವೆದಾರಿಯನ್ನೇ ನೋಡಬಹುದು. ಟ್ರಾನ್ಸ್-ಕೆನಡಾ ಹೆದ್ದಾರಿಯು 1962ರಲ್ಲಿ ಉದ್ಘಾಟನೆಗೊಂಡದ್ದು ಇಲ್ಲಿಯೇ. ಕಾರಿನಲ್ಲಿ ಕುಳಿತವನಿಗೆ ಇದು ಕೆಲವು ನಿಮಿಷಗಳ ರಮ್ಯನೋಟ. ಏದುಸಿರು ಬಿಡುತ್ತ ಏರುವ ಮೊಪೆಡ್ಡಿನ ಸವಾರನಿಗಾದರೋ, ಚಳಿಗಾಲದಲ್ಲಿ ಹಿಮ ಜಾರಿಬರುವ ಇಳಿಜಾರುಗಳನ್ನು ಒಂದೊಂದಾಗಿ ಎಣಿಸುವಷ್ಟು ಅವಕಾಶವಿದೆ. 1910ರ ಮಾರ್ಚ್ ತಿಂಗಳಲ್ಲಿ, ರೈಲುಹಳಿಯನ್ನು ಮುಚ್ಚಿದ್ದ ಹಿಮವನ್ನು ತೆಗೆಯುತ್ತಿದ್ದ ಐವತ್ತಕ್ಕೂ ಹೆಚ್ಚು ಕಾರ್ಮಿಕರು ಇಲ್ಲಿ ಮತ್ತೊಂದು ಹಿಮಕುಸಿತಕ್ಕೆ ಸಿಕ್ಕಿ ಮಡಿದರು. ಅವರಲ್ಲಿ ಹಲವರು ಜಪಾನಿನಿಂದ ಹೊಟ್ಟೆಪಾಡಿಗೆ ಬಂದವರು. 1916ರಲ್ಲಿ ರೈಲು ಈ ದಾರಿಯನ್ನು ತೊರೆದು ಸುರಂಗವನ್ನು ಹೊಕ್ಕಿತು. ಏಕೆಂಬುದನ್ನು ಆ ಏರುದಾರಿಯೇ ಸವಾರನಿಗೆ ತಿಳಿಸಿಕೊಡುತ್ತದೆ.

ಮುಂದೆ 1,600 ಮೀಟರಿಗೂ ಮಿಗಿಲಾದ ಎತ್ತರದಲ್ಲಿ ಕಿಕಿಂಗ್ ಹಾರ್ಸ್ ಕಣಿವೆದಾರಿ. ಗಾಳಿ ತೆಳುವಾದಂತೆ ಪುಟ್ಟ ಎಂಜಿನ್ನಿನ ಬಲವು ಹೆಚ್ಚುಕಡಮೆ ಆರನೆಯ ಒಂದು ಪಾಲು ಕುಗ್ಗುತ್ತದೆ. ಹಿಂದಿನಿಂದ ಭಾರಿ ಲಾರಿಗಳು ಇಮ್ಮಡಿ ವೇಗದಲ್ಲಿ ಬರುತ್ತವೆ. ಇಲ್ಲಿ ಬೇಕಾದುದು ಧೈರ್ಯಕ್ಕಿಂತ ವಿವೇಕ. ಲೇಕ್ ಲೂಯಿಸಿನಿಂದ ಬ್ಯಾನ್ಫ್ ಕಡೆಗೆ ಹೆದ್ದಾರಿಯ ಪಕ್ಕದಲ್ಲಿಯೇ ಹಳೆಯ ರಸ್ತೆಯೊಂದಿದೆ. ಅಲ್ಲಿ ವೇಗದ ಮಿತಿ 60 ಕಿಲೋಮೀಟರು. ಅದನ್ನು ಬಿಟ್ಟು ಲಾರಿಗಳೊಡನೆ ಸೆಣಸುವವನನ್ನು ಸಾಹಸಿಯೆಂದು ಹೊಗಳುವುದು ತರವಲ್ಲ.

ಪರ್ವತಗಳನ್ನು ದಾಟಿದರೆ ಕಷ್ಟ ಮುಗಿಯಿತೆಂದು ತಿಳಿಯುವುದು ಸಹಜ. ವಾಸ್ತವವಾಗಿ ಬಯಲುನಾಡೇ ಹೆಚ್ಚು ಕಠಿಣ. ಕ್ಯಾಲ್ಗರಿಯಿಂದ ರೆಜೈನಾದವರೆಗೆ ಸುಮಾರು 760 ಕಿಲೋಮೀಟರು. ನೆರಳು ವಿರಳ, ಗಾಳಿಗೆ ಮರೆಯಿಲ್ಲ. ಬೆನ್ನಿಗೆ ಬೀಸಿದ ಗಾಳಿ ಬಂಧು, ಎದುರು ಬೀಸಿದರೆ ಅದೇ ಹಗೆ. ಟ್ಯಾಂಕಿನಲ್ಲಿ ಹಿಡಿಯುವುದು ಕೆಲವೇ ಲೀಟರು ಪೆಟ್ರೋಲು. ಆದುದರಿಂದ ಕಾರುಗಳು ಕಡೆಗಣಿಸುವ ಸಣ್ಣ ಊರುಗಳಲ್ಲಿಯೂ ಇಳಿಯಲೇಬೇಕು. ಏಕಾಂಗಿ ಎಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ.

ಆ ಊರುಗಳು ಕ್ಷೀಣಿಸುತ್ತಿವೆ. ರೈಲುಹಾದಿಯ ಉದ್ದಕ್ಕೂ ಗೋಧಿಯನ್ನು ಸಂಗ್ರಹಿಸುವ ಮರದ ಎತ್ತರದ ಕಣಜಗಳು 1930ರ ದಶಕದಲ್ಲಿ ಐದು ಸಾವಿರಕ್ಕೂ ಹೆಚ್ಚಿದ್ದವು. ಇಂದು ಬಹುಪಾಲು ನೆಲಸಮವಾಗಿವೆ. ಅಂತಹ ಕಣಜವೊಂದು ದೂರದ ಬಯಲಿನಲ್ಲಿ ಕಂಡರೆ ಕಾರಿನವನು ಕಾಲು ಗಂಟೆಯಲ್ಲಿ ಅದನ್ನು ಮರೆಯುತ್ತಾನೆ. ಮೊಪೆಡ್ಡಿನ ಸವಾರನಿಗೆ ಅದು ಬಹು ಹೊತ್ತು ಕಣ್ಣೆದುರಿನಲ್ಲಿಯೇ ಇರುತ್ತದೆ. ಮೆಲ್ಲಮೆಲ್ಲನೆ ಬೆಳೆದು, ಗೋಡೆಯ ಮೇಲೆ ಮಾಸಿದ ಊರಿನ ಹೆಸರು ಒಂದೊಂದೇ ಅಕ್ಷರವಾಗಿ ಕಾಣತೊಡಗುತ್ತದೆ.