ಮೂರು ಗಂಟೆಯ ತಕ್ಕಡಿ

ವೈದ್ಯಕೀಯ ವಿದ್ಯಾಶಾಲೆಗಳನ್ನು ಸೇರಬಯಸುವ ಮಕ್ಕಳ ಯೋಗ್ಯತೆಯನ್ನು ನೀಟ್ ಎಂಬ ಒಂದೇ ಪರೀಕ್ಷೆಯ ಅಂಕಗಳಿಂದ ನಿರ್ಣಯಿಸುವ ಪದ್ಧತಿಯನ್ನು ನ್ಯಾಯದ ಪರಮಾವಧಿಯೆಂದು ಕೊಂಡಾಡುವವರು ನಮ್ಮ ವಿದ್ಯಾವಂತರ ಮನೆಗಳಲ್ಲಿಯೇ ಬಹುಮಂದಿ ಉಂಟು. ಅವರೊಡನೆ ನನಗೆ ವಾದವಿದೆ.

ಅವರ ಪಕ್ಷದಲ್ಲಿರುವ ಸತ್ಯವನ್ನು ಮೊದಲೇ ಒಪ್ಪಿಬಿಡುತ್ತೇನೆ. ಕ್ಯಾಪಿಟೇಷನ್ ಶುಲ್ಕವೆಂಬ ಹೆಸರಿನಿಂದ ಸೀಟುಗಳು ಬಿಕರಿಯಾಗುತ್ತಿದ್ದ ಕಾಲವನ್ನು ಕಂಡವರು ಅದನ್ನು ಮರೆಯಲಾರರು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆಯಲ್ಲಿಯೂ (ಅದು ಕರ್ನಾಟಕದ ಮೇಲೆಯೇ ಹೂಡಿದ್ದು!) 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಆ ವ್ಯಾಪಾರವನ್ನು ಖಂಡಿಸಿತು, 1994ರಲ್ಲಿ ನಮ್ಮ ಸಿ.ಇ.ಟಿ. ಏರ್ಪಾಡಾಯಿತು. ಹಣದ ಥೈಲಿಗಿಂತ ಪರೀಕ್ಷೆ ಮೇಲೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ಸಿ.ಇ.ಟಿ.ಯ ಕ್ರಮವನ್ನು ನೋಡಿರಿ. ಎಂಜಿನಿಯರಿಂಗ್ ಪ್ರವೇಶಕ್ಕೆ ಅದು ಪಿ.ಯು.ಸಿ.ಯ ಭೌತ, ರಸಾಯನ, ಗಣಿತಗಳ ಅಂಕಗಳಿಗೆ ಅರ್ಧ ಪಾಲನ್ನೂ ಪ್ರವೇಶಪರೀಕ್ಷೆಗೆ ಉಳಿದರ್ಧವನ್ನೂ ಕೊಡುತ್ತದೆ. ನೀಟಿನಲ್ಲಿಯಾದರೋ ಪಿ.ಯು.ಸಿ.ಯಲ್ಲಿ ಗೊತ್ತುಮಾಡಿದಷ್ಟು ಅಂಕಗಳು ಬಂದರೆ ಸಾಕು. ಅನಂತರ ರ‍್ಯಾಂಕಿಗೆ ಅವು ಲೆಕ್ಕಕ್ಕೇ ಇಲ್ಲ. ಎರಡು ವರ್ಷ ಉಪಾಧ್ಯಾಯರು ಕಲಿಸಿದ್ದು, ಪ್ರಯೋಗಶಾಲೆಯಲ್ಲಿ ಹುಡುಗಿ ಕೈಯಾರೆ ಮಾಡಿ ನೋಡಿದ್ದು, ಎಲ್ಲವೂ ಬಾಗಿಲ ಹೊರಗೆ ಉಳಿಯುತ್ತದೆ. ಹೀಗಿರುವಾಗ ಅನುಕೂಲಸ್ಥರು ಮಕ್ಕಳನ್ನು ಕಾಲೇಜಿಗೆ ಹೆಸರಿಗೆ ಸೇರಿಸಿ ಕೋಚಿಂಗಿಗೆ ನಿಜವಾಗಿ ಕಳುಹಿಸುವುದರಲ್ಲಿ ಆಶ್ಚರ್ಯವೇನು? ಹಿಂಬಾಗಿಲಿನಿಂದ ಓಡಿಸಿದ ಥೈಲಿ ಮುಂಬಾಗಿಲಿನಿಂದ ಒಳಗೆ ಬಂದಿದೆ.

2025ರ ನೀಟಿನಲ್ಲಿ 180 ಪ್ರಶ್ನೆಗಳು, 180 ನಿಮಿಷಗಳು. ಸರಿಯುತ್ತರಕ್ಕೆ 4 ಅಂಕ. ತಪ್ಪಿದರೆ ಒಂದು ಅಂಕ ಕಳೆಯುವುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ವಿಜ್ಞಾನವನ್ನು ಎರಡೇ ವರ್ಷ ಇಂಗ್ಲಿಷಿನಲ್ಲಿ ಕಲಿತ ಹಳ್ಳಿಯ ಮಗುವಿಗೆ ಪ್ರಶ್ನೆಯನ್ನು ಓದಿಕೊಳ್ಳುವುದರಲ್ಲಿಯೇ ಅರ್ಧ ನಿಮಿಷ ಕಳೆದುಹೋಗುತ್ತದೆ. ಕನ್ನಡದಲ್ಲಿಯೂ ಪ್ರಶ್ನೆಪತ್ರಿಕೆಯುಂಟಲ್ಲವೇ ಎನ್ನುವಿರಿ. ಉಂಟು, ಆದರೆ ಪರಿಭಾಷೆಯನ್ನೆಲ್ಲ ಇಂಗ್ಲಿಷಿನಲ್ಲಿ ಕಲಿತವಳಿಗೆ ಅದರಿಂದ ಆಗುವ ಉಪಕಾರವೆಷ್ಟು? ಇಲ್ಲಿ ಅಳೆಯುವುದು ಜೀವಶಾಸ್ತ್ರದ ಜ್ಞಾನವನ್ನೋ ಇಂಗ್ಲಿಷ್ ಓದುವ ವೇಗವನ್ನೋ? ಗ್ರಾಮೀಣರಿಗೆ ಶೇಕಡ 15, ಕನ್ನಡ ಮಾಧ್ಯಮದವರಿಗೆ ಶೇಕಡ 5 ಸ್ಥಾನಗಳನ್ನು ರಾಜ್ಯವು ಕಾದಿರಿಸಿರುವುದೇ ತಕ್ಕಡಿಯಲ್ಲಿ ಓರೆಯಿದೆಯೆಂಬುದಕ್ಕೆ ಸಾಕ್ಷಿ.

ಈ ತಕ್ಕಡಿಯ ನಿಷ್ಠುರತೆಯನ್ನಾದರೂ ನಂಬೋಣವೆಂದರೆ, 2024ರಲ್ಲಿ 67 ಮಂದಿಗೆ 720ಕ್ಕೆ 720 ಬಂತೆಂದು ಮೊದಲು ಸಾರಲಾಯಿತು. 1563 ಮಂದಿಗೆ ದಯಪಾಲಿಸಿದ್ದ ಕೃಪಾಂಕಗಳನ್ನು ಆಮೇಲೆ ಹಿಂದೆಗೆದುಕೊಳ್ಳಬೇಕಾಯಿತು. ಅದರ ಹಿಂದಿನ ವರ್ಷ ಸ್ನಾತಕೋತ್ತರ ನೀಟಿನಲ್ಲಿ ಸೀಟುಗಳು ತುಂಬದೆ ಉಳಿದುದರಿಂದ ಅರ್ಹತೆಯ ಗೆರೆಯನ್ನು ಸೊನ್ನೆಯ ಪರ್ಸೆಂಟೈಲಿಗೆ ಇಳಿಸಿದರು. ಪ್ರತಿಭೆಯ ಕಾವಲುಗಾರರೇ ಬಾಗಿಲನ್ನು ಹಾರುಹೊಡೆದು ತೆರೆದುದನ್ನು ನಮ್ಮ ಸ್ನೇಹಿತರು ಹೇಗೆ ಸಮರ್ಥಿಸುವರೋ ಕಾಣೆ.

ಬೇರೆಬೇರೆ ಮಂಡಲಿಗಳ ಅಂಕಗಳನ್ನು ಒಂದಕ್ಕೊಂದು ಹೋಲಿಸಲಾಗದೆಂಬುದು ಅವರ ಕೊನೆಯ ಆಕ್ಷೇಪ. ಅಂಕಗಳನ್ನು ಹೋಲಿಸಬೇಡಿರಿ, ತನ್ನ ಮಂಡಲಿಯವರೊಳಗೆ ವಿದ್ಯಾರ್ಥಿಯ ಸ್ಥಾನ ಎಷ್ಟನೆಯದೆಂಬುದನ್ನು ನೋಡಿರಿ. ಗಣಿತ ಬಲ್ಲವರಿಗೆ ಇದು ಅಸಾಧ್ಯವಾದ ಕೆಲಸವಲ್ಲ.

2024ರ ಜುಲೈಯಲ್ಲಿ ನಮ್ಮ ಶಾಸನಸಭೆಯು ನೀಟ್ ಬೇಡವೆಂದೇ ನಿರ್ಣಯ ಮಾಡಿತು. ನಾನು ಅಷ್ಟು ದೂರ ಹೋಗಲಾರೆ, ಪರೀಕ್ಷೆ ಇರಲಿ. ಎಂಜಿನಿಯರಾಗುವವನ ಎರಡು ವರ್ಷದ ಓದಿಗೆ ಸಲ್ಲುವ ಅರ್ಧ ಪಾಲು ವೈದ್ಯಳಾಗುವವಳ ಓದಿಗೂ ಸಲ್ಲಲಿ ಎಂದಷ್ಟೇ ಕೇಳುತ್ತೇನೆ.