ತ್ಯಾಗದ ಪಾಠ ಸಾಕು, ಚಿತ್ರವನ್ನು ಕೊನೆಯವರೆಗೆ ನೋಡೋಣ



ಕಳೆದ ಯುಗಾದಿ ಊಟದ ದಿನ, ಪುಳಿಯೋಗರೆಯ ಟ್ರೇ ತಳ ಕಾಣುವ ಹೊತ್ತಿಗೆ, ನಮ್ಮಲ್ಲಿ ಒಂದು ಚರ್ಚೆ ಎದ್ದದ್ದು ಹಲವರಿಗೆ ನೆನಪಿರಬಹುದು. ಎರಡು ತಿಂಗಳಿಗೊಮ್ಮೆ ಒಂದು ಹಳೆಯ ಕನ್ನಡ ಚಿತ್ರ ತೋರಿಸೋಣ ಎಂದು ಸಮಿತಿಯವರು ಸೂಚಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಗ ಹಿರಿಯರೊಬ್ಬರು ಎದ್ದು, "ನಮ್ಮ ಕಾಲದ ಚಿತ್ರಗಳಲ್ಲಿ ಪ್ರೇಮ ಎಂದರೆ ತ್ಯಾಗ. ಈಗಿನ ಮಕ್ಕಳಿಗೆ ಅದನ್ನು ತೋರಿಸಿ ಸ್ವಲ್ಪ ಬುದ್ಧಿ ಬರಿಸಬೇಕು" ಎಂದರು. ಮತ್ತೆ ಚಪ್ಪಾಳೆ. ಪಟ್ಟಿ ತಯಾರಾಗತೊಡಗಿತು. ನಾನು 'ಶರಪಂಜರ'ದ ಹೆಸರು ಹೇಳಿದೆ. "ಅಯ್ಯೋ ಡಾಕ್ಟ್ರೇ, ಹುಚ್ಚಿನ ಕಥೆ ಯಾಕೆ? ಹಬ್ಬದೂಟ ಮಾಡಿ ಅದನ್ನು ಯಾರು ನೋಡ್ತಾರೆ? ಬೇಕಾದರೆ ಅದರ ಹಾಡುಗಳನ್ನು ಹಾಕೋಣ" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕು ಕುಳಿತೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಸಂಪಾದಕರು ದೊಡ್ಡ ಮನಸ್ಸು ಮಾಡಿ ಈ ಜೆರಾಕ್ಸ್ ಪತ್ರಿಕೆಯಲ್ಲಿ ಜಾಗ ಕೊಟ್ಟಿದ್ದಾರೆ. ಅಂದು ನುಂಗಿಕೊಂಡ ಮಾತನ್ನು ಇಂದು ಹೇಳಿಬಿಡುತ್ತೇನೆ.

ನನ್ನ ತಕರಾರು ಇಷ್ಟೇ. ನಮ್ಮ ಹಳೆಯ ಚಿತ್ರಗಳು ತ್ಯಾಗವನ್ನು ಹಾಡಿ ಹೊಗಳುತ್ತವೆ ಎಂದು ನಾವು ಹೇಳಿಕೊಂಡು ತಿರುಗುವುದು ಅರ್ಧ ಸತ್ಯ. ಅವುಗಳಲ್ಲಿ ಒಳ್ಳೆಯವು ಬೇರೆಯೇ ಪ್ರಶ್ನೆ ಕೇಳುತ್ತವೆ. ತ್ಯಾಗ ಮಾಡಿದವರು ಯಾರು? ಮಾಡಿಸಿದವರು ಯಾರು? ಅದರ ಬೆಲೆ ತೆತ್ತವರು ಯಾರು? ಈ ಪ್ರಶ್ನೆಗಳನ್ನು ಬಿಟ್ಟು ಬರೀ ಹಾಡು ಮತ್ತು ಕಣ್ಣೀರನ್ನು ಉಳಿಸಿಕೊಂಡು ಮಕ್ಕಳಿಗೆ ಬುದ್ಧಿ ಹೇಳಹೊರಟರೆ, ಆ ಚಿತ್ರಗಳಿಗೂ ಅನ್ಯಾಯ, ಮಕ್ಕಳಿಗೂ ಅನ್ಯಾಯ.

'ಬೆಳ್ಳಿಮೋಡ'ದಿಂದ ಶುರು ಮಾಡೋಣ. 1967ರಲ್ಲಿ ಬಂದದ್ದು, ಪುಟ್ಟಣ್ಣ ಕಣಗಾಲರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ, ತ್ರಿವೇಣಿಯವರ ಕಾದಂಬರಿ. ಎಸ್ಟೇಟ್ ಒಡೆಯರ ಒಬ್ಬಳೇ ಮಗಳು ಇಂದಿರಾ ಆಗಿ ಕಲ್ಪನಾ. ಅವಳಿಗೆ ಗೊತ್ತಾದ ವರ ಮೋಹನ, ಕಲ್ಯಾಣ್ ಕುಮಾರ್. ಈ ಮಹಾಶಯ ಭಾವೀ ಮಾವನ ದುಡ್ಡಿನಲ್ಲಿ ಓದಲು ಹೋಗುವುದು ಎಲ್ಲಿಗೆ? ಸ್ವಾಮಿ, ಅಮೆರಿಕಕ್ಕೆ! ಅಷ್ಟರಲ್ಲಿ ಇಂದಿರಾಗೆ ಒಬ್ಬ ತಮ್ಮ ಹುಟ್ಟುತ್ತಾನೆ. ಎಸ್ಟೇಟು ಹೆಂಡತಿಯ ಜೊತೆಗೆ ಬರುವುದಿಲ್ಲ ಎಂದು ತಿಳಿದ ಕೂಡಲೇ ಡಿಗ್ರಿ ಹಿಡಿದು ಬಂದ ವರ ಮದುವೆ ಬೇಡ ಎನ್ನುತ್ತಾನೆ. ಮುಂದೆ ಅಪಘಾತವಾಗಿ ಮಲಗಿದಾಗ ಅದೇ ಇಂದಿರಾ ಅವನ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಕರಗಿ 'ಮದುವೆಯಾಗೋಣ' ಎಂದಾಗ ಅವಳು ಒಪ್ಪುವುದಿಲ್ಲ.

ಇದರಲ್ಲಿ ತ್ಯಾಗ ಎಲ್ಲಿದೆ, ಹೇಳಿ ನೋಡೋಣ. ಹಾಲಿವುಡ್‌ನ 1940ರ ದಶಕದ ಕಪ್ಪು-ಬಿಳುಪು ಅಪರಾಧ ಚಿತ್ರಗಳಿಗೆ ಫ್ರೆಂಚ್ ವಿಮರ್ಶಕರು 'ನುವಾರ್' ಎಂದು ಹೆಸರಿಟ್ಟರು. ಬಿಲ್ಲಿ ವೈಲ್ಡರ್ 1944ರಲ್ಲಿ ತೆಗೆದ 'ಡಬಲ್ ಇಂಡೆಮ್ನಿಟಿ'ಯಲ್ಲಿ ಒಬ್ಬ ವಿಮಾ ಏಜೆಂಟನೂ ಒಬ್ಬ ಗೃಹಿಣಿಯೂ ಸೇರಿ, ವಿಮೆಯ ಹಣಕ್ಕಾಗಿ ಅವಳ ಗಂಡನನ್ನು ಕೊಲ್ಲುತ್ತಾರೆ. ಆಮೇಲೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಪ್ರೇಮದೊಳಗೆ ದುಡ್ಡಿನ ಲೆಕ್ಕ ಹೇಗೆ ಕೂತಿರುತ್ತದೆ ಎಂಬುದೇ ಆ ಚಿತ್ರದ ವಿಷಯ. 'ಬೆಳ್ಳಿಮೋಡ'ದ ವಿಷಯವೂ ಅದೇ. ಇಲ್ಲಿ ಕೊಲೆಯಿಲ್ಲ, ಪಿಸ್ತೂಲಿಲ್ಲ, ಕಾಫಿ ತೋಟವಿದೆ, ಅಷ್ಟೇ ವ್ಯತ್ಯಾಸ. ನಾವಾದರೋ ಅದರಲ್ಲಿ ಅಳವಡಿಸಿದ ಬೇಂದ್ರೆಯವರ ಬೆಳಗಿನ ಕವಿತೆಯನ್ನು ಪ್ರತಿ ರಾಜ್ಯೋತ್ಸವಕ್ಕೂ ಹಾಡಿ, ಅಮೆರಿಕಕ್ಕೆ ಬಂದ ವರನ ಸುದ್ದಿಯನ್ನೇ ಎತ್ತುವುದಿಲ್ಲ. ಎತ್ತಿದರೆ ನಮ್ಮಲ್ಲಿ ಕೆಲವರು ತಲೆ ತಗ್ಗಿಸಬೇಕಾದೀತು.

"ಹಾಗಾದರೆ 'ಕಸ್ತೂರಿ ನಿವಾಸ' ಸುಳ್ಳೇ?" ಎಂದು ಕೇಳುತ್ತೀರಿ. ಖಂಡಿತ ಅಲ್ಲ. 1971ರ ಆ ಚಿತ್ರದ ರಾಜಕುಮಾರ್ ಅವರನ್ನು ನೋಡಿ ಈಗಲೂ ನನಗೆ ಗಂಟಲು ಕಟ್ಟುತ್ತದೆ. ಆದರೆ ಗಮನಿಸಿ. ಆ ಮನುಷ್ಯ ಬಿಟ್ಟುಕೊಟ್ಟದ್ದೆಲ್ಲ ತನ್ನದನ್ನು, ತಾನಾಗಿ. ಯಾರೂ ಅವನನ್ನು ಕೂರಿಸಿಕೊಂಡು 'ಮನೆತನದ ಮರ್ಯಾದೆ' ಎಂದು ಪಾಠ ಹೇಳಿ ಬಿಡಿಸಲಿಲ್ಲ. 1942ರ 'ಕಾಸಾಬ್ಲಾಂಕಾ'ದಲ್ಲಿ ರಿಕ್ ತನ್ನ ಪ್ರೇಯಸಿಯನ್ನು ಅವಳ ಗಂಡನೊಡನೆ ವಿಮಾನಕ್ಕೆ ಕಳಿಸುವುದೂ ಹಾಗೆಯೇ. ಹಿಟ್ಲರನ ಯುದ್ಧದ ಕಾಲ, ಕಾರಣ ದೊಡ್ಡದು, ನಿರ್ಧಾರ ಅವನದು. ತಾನು ಮಾಡುವ ತ್ಯಾಗಕ್ಕೆ ನಾನೂ ಕೈ ಮುಗಿಯುತ್ತೇನೆ. ಇನ್ನೊಬ್ಬರಿಂದ ಮಾಡಿಸುವ ತ್ಯಾಗಕ್ಕೆ ಬೇರೆ ಹೆಸರಿದೆ.

ಆ ಹೆಸರು ಬೇಕಾದವರು 'ನಾಗರಹಾವು' ನೋಡಬೇಕು. 1972, ತ.ರಾ.ಸು. ಅವರ ಕಾದಂಬರಿಗಳು, ಚಿತ್ರದುರ್ಗದ ಬೆಟ್ಟ, ವಿಷ್ಣುವರ್ಧನ್ ಅವರ ರಾಮಾಚಾರಿ, ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು. ಮೇಷ್ಟ್ರು-ಶಿಷ್ಯರ ದೃಶ್ಯವನ್ನು ನಮ್ಮ ವೇದಿಕೆಯ ಮೇಲೂ ಅಭಿನಯಿಸಿ ಕಣ್ಣೊರೆಸಿಕೊಂಡಿದ್ದೇವೆ. ಆದರೆ ಕಥೆಯಲ್ಲಿ ಮೇಷ್ಟ್ರು ಮಾಡಿದ್ದೇನು? ರಾಮಾಚಾರಿಯ ಮೇಲೆ ತಮಗಿದ್ದ ಸಲುಗೆಯನ್ನು ಬಳಸಿ, ಅಲಮೇಲುವನ್ನು ಮರೆಯುವಂತೆ ಒಪ್ಪಿಸಿದರು. ಅವನು ಗುರುವಿನ ಮಾತಿಗೆ ತಲೆಬಾಗಿದ. ಫಲವೇನು? ಹಿರಿಯರು ನೋಡಿ ಮಾಡಿದ ಮದುವೆ ಅಲಮೇಲುವನ್ನು ಮೈ ಮಾರುವ ಸ್ಥಿತಿಗೆ ತಂದಿತು. ರಾಮಾಚಾರಿ ಮುಂದೆ ಮಾರ್ಗರೆಟ್‌ಳನ್ನು ಪ್ರೀತಿಸಿದಾಗ ಮೇಷ್ಟ್ರು ಮತ್ತೆ ಅಡ್ಡ ಬಂದರು. ಈ ಸಲ ಅವನು ತಲೆಬಾಗಲಿಲ್ಲ. ಚಿತ್ರ ಮುಗಿಯುವಾಗ ಬೆಟ್ಟದ ಮೇಲಿಂದ ಮೂವರ ಪ್ರಾಣ ಹೋಗಿರುತ್ತದೆ, ಮೇಷ್ಟ್ರದೂ ಸೇರಿ. ಮೇಷ್ಟ್ರು ಕೆಟ್ಟವರಲ್ಲ. ಒಳ್ಳೆಯವರು, ಶಿಷ್ಯನನ್ನು ನಿಜವಾಗಿ ಪ್ರೀತಿಸಿದವರು. ಅಂಥವರಿಂದಲೇ ಇದು ಆಯಿತು ಎಂದು ಪುಟ್ಟಣ್ಣ ತೋರಿಸಿದ್ದಾರೆ. ಇದನ್ನು ನೋಡಿ 'ಹಿರಿಯರ ಮಾತು ಕೇಳಬೇಕು' ಎಂಬ ನೀತಿ ತೆಗೆಯುವುದು ಹೇಗೋ ನನಗೆ ತಿಳಿಯದು.

ಅದರ ಹಿಂದಿನ ವರ್ಷ, 1971ರಲ್ಲಿ, ನಾರ್ಮನ್ ಜೂವಿಸನ್ ತೆಗೆದ 'ಫಿಡ್ಲರ್ ಆನ್ ದಿ ರೂಫ್' ಎಂಬ ಸಂಗೀತಮಯ ಚಿತ್ರ ಬಂದಿತ್ತು. ನಮ್ಮ ಮಕ್ಕಳಲ್ಲಿ ಕೆಲವರು ಹೈಸ್ಕೂಲಿನಲ್ಲಿ ಅದರ ನಾಟಕ ಆಡಿದವರು. ರಷ್ಯಾದ ಹಳ್ಳಿಯೊಂದರ ಬಡ ಯಹೂದಿ ಹಾಲಿನವನು ಟೆವ್ಯೆ. ಮೊದಲ ಮಗಳು ಅಪ್ಪ ಗೊತ್ತುಮಾಡಿದ ವರನನ್ನು ಬಿಟ್ಟು ದರ್ಜಿಯನ್ನು ಮದುವೆಯಾಗುತ್ತಾಳೆ, ಅಪ್ಪ ಗೊಣಗಿ ಒಪ್ಪುತ್ತಾನೆ. ಎರಡನೆಯವಳು ಅನುಮತಿಯನ್ನೇ ಕೇಳುವುದಿಲ್ಲ, ಆಶೀರ್ವಾದ ಮಾತ್ರ ಕೇಳುತ್ತಾಳೆ. ಅದಕ್ಕೂ ಒಪ್ಪುತ್ತಾನೆ. ಮೂರನೆಯವಳು ಕ್ರೈಸ್ತನನ್ನು ಮದುವೆಯಾದಾಗ ಅವಳು ತನ್ನ ಪಾಲಿಗೆ ಸತ್ತಳು ಎನ್ನುತ್ತಾನೆ. ಕೊನೆಗೆ ಊರನ್ನೇ ಬಿಟ್ಟು ಅಮೆರಿಕಕ್ಕೆ ಹೊರಡುವಾಗ, ಅವಳ ಮುಖ ನೋಡದೆ, ಬಾಯೊಳಗೇ ಒಂದು ಹರಕೆಯ ಮಾತು ಆಡುತ್ತಾನೆ. ನೋವೈನ ಎಷ್ಟು ಮನೆಗಳಲ್ಲಿ ಟೆವ್ಯೆ ಇದ್ದಾನೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಯಾಕೆಂದರೆ ಫೋನು ನನಗೆ ಬರುತ್ತದೆ. "ಡಾಕ್ಟ್ರೇ, ನಮ್ಮ ಹುಡುಗ ನಿಮ್ಮ ಮಾತು ಕೇಳುತ್ತಾನೆ. ಸ್ವಲ್ಪ ಕೂರಿಸಿಕೊಂಡು ತಿಳಿಸಿ ಹೇಳಿ." ಅಂದರೆ ಚಾಮಯ್ಯ ಮೇಷ್ಟ್ರ ಪಾತ್ರ ನನಗೆ! ನಾನು ಒಮ್ಮೆ ಆ ಪಾತ್ರ ಮಾಡಿದ್ದೇನೆ. ಹುಡುಗ ಮರ್ಯಾದೆಯಿಂದ ಕೇಳಿದ, ಒಪ್ಪಿದ. ಇಂದು ಅವನು ನನ್ನನ್ನು ಕಂಡರೆ ನಮಸ್ಕಾರ ಮಾಡಿ ಬೇರೆ ಕಡೆ ನಡೆಯುತ್ತಾನೆ. ಅದಾದ ಮೇಲೆ ಆ ಕೆಲಸಕ್ಕೆ ನಾನು ಹೋಗಿಲ್ಲ.

ಈಗ 'ಶರಪಂಜರ'. ಅದೂ ಪುಟ್ಟಣ್ಣನವರದೇ, ತ್ರಿವೇಣಿಯವರದೇ ಕಾದಂಬರಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಯವರು 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ತಮ್ಮ ಈ ಎರಡು ಕಾದಂಬರಿಗಳನ್ನು ತೆರೆಯ ಮೇಲೆ ನೋಡಲು ಅವರು ಇರಲಿಲ್ಲ. ಕಾವೇರಿ ಮತ್ತು ಸತೀಶ ಮೆಚ್ಚಿ ಮದುವೆಯಾದವರು. ಕೊಡಗಿನ ತೋಟದಲ್ಲಿ ಹಾಡಿ ನಲಿದವರು. ಹೆರಿಗೆಯ ನಂತರ ಕಾವೇರಿಗೆ ಮನೋರೋಗ ಬರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಅವಳು ನಕ್ಕರೂ ಅತ್ತರೂ ಜನರಿಗೆ ಅದು ಹುಚ್ಚಿನ ಲಕ್ಷಣ. ಗಂಡ ಆಗಲೇ ಇನ್ನೊಬ್ಬಳ ಕಡೆ ತಿರುಗಿದ್ದಾನೆ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೆ. ಅವಳ ರೋಗವನ್ನು ವೈದ್ಯರು ವಾಸಿ ಮಾಡಿದ್ದರು, ಮನೆಯವರು ಮರಳಿ ತಂದರು. ಹಾಡಿನಲ್ಲಿ ಪ್ರೀತಿಸುವುದು ಸುಲಭ. ಸತೀಶನ ಪ್ರೀತಿಗೆ ನಿಜವಾದ ಪರೀಕ್ಷೆ ಬಂದದ್ದು ಹಾಡು ಮುಗಿದ ಮೇಲೆ, ಮತ್ತು ಅವನು ಅದರಲ್ಲಿ ಫೇಲಾದ. 'ಹಾಡು ಮಾತ್ರ ಹಾಕೋಣ' ಎನ್ನುವ ನಾವು ಸತೀಶನಿಗಿಂತ ಎಷ್ಟು ಬೇರೆ?

ಇದು ನನಗೆ ಬರೀ ಚಿತ್ರವಲ್ಲ. 1998ರಲ್ಲಿ ನಾನು ಡೆಟ್ರಾಯಿಟ್ ಕಡೆಯ ಆಸ್ಪತ್ರೆಯೊಂದರಲ್ಲಿ ರೆಸಿಡೆಂಟ್. ನಾಲ್ಕು ದಿನಕ್ಕೊಮ್ಮೆ ರಾತ್ರಿ ಕಾಲ್. ನಮ್ಮ ಎರಡನೆಯ ಮಗು ಹುಟ್ಟಿ ಐದು ವಾರ. ಬಾಣಂತನಕ್ಕೆ ಬರಬೇಕಿದ್ದ ಅತ್ತೆಯವರಿಗೆ ಬರಲಾಗಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ. ನನ್ನ ಹೆಂಡತಿಯ ಮಾತು ಕಡಿಮೆಯಾಯಿತು. ಮಗು ಮಲಗಿದರೂ ಅವಳು ಮಲಗುತ್ತಿರಲಿಲ್ಲ, ಒಲೆ ಹಚ್ಚದೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿರುತ್ತಿದ್ದಳು. ಎಂ.ಬಿ.ಬಿ.ಎಸ್. ಮಾಡಿ ಬಂದ ನಾನು, "ನಿದ್ದೆಗೆಟ್ಟು ಹಾಗಾಗಿದೆ, ಸರಿಹೋಗುತ್ತೆ. ನಮ್ಮಮ್ಮ ಐದು ಹೆತ್ತಳು, ಹೀಗೆ ಕೂರಲಿಲ್ಲ" ಎಂದೆ. ಒಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ಬಂದಾಗ ಇಂಡಿಯನ್ ಅಂಗಡಿಯಿಂದ ಬಾಡಿಗೆಗೆ ತಂದ 'ಶರಪಂಜರ'ದ ಕ್ಯಾಸೆಟ್ ಓಡುತ್ತಿತ್ತು. ಅವಳು ನನ್ನ ಕಡೆ ತಿರುಗದೆಯೇ ಕೇಳಿದಳು: "ಇವಳಿಗೆ ಏನಾಗಿದೆ ಅಂತ ಇವಳ ಗಂಡನಿಗೆ ಗೊತ್ತಾಗಲಿಲ್ಲ. ನಿಮಗೆ ಗೊತ್ತಾಗಿದೆಯಾ?"

ಅಂದೇ ಮಧ್ಯಾಹ್ನ ಡಾಕ್ಟರ ಬಳಿ ಹೋದೆವು. ಅವಳದು ಕಾವೇರಿಯ ರೋಗವಲ್ಲ, ಹೆರಿಗೆಯ ನಂತರದ ಖಿನ್ನತೆ. ಔಷಧಿ, ಮಾತುಕತೆ, ನಿದ್ದೆ, ಪಕ್ಕದ ಮನೆಯ ಅಮೆರಿಕನ್ ಅಜ್ಜಿಯ ಸಹಾಯ. ಐದಾರು ತಿಂಗಳಲ್ಲಿ ಪೂರ್ತಿ ಚೇತರಿಸಿಕೊಂಡಳು. ಇಷ್ಟು ವರ್ಷ ಇದನ್ನು ಕೂಟದಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಬರೆಯಿರಿ ಎಂದವಳು ಅವಳೇ.

ವೈದ್ಯನಾಗಿ ಎರಡು ಮಾತು. ಹೆರಿಗೆಯ ನಂತರದ ಖಿನ್ನತೆ ಸುಮಾರು ಏಳೆಂಟು ಬಾಣಂತಿಯರಲ್ಲಿ ಒಬ್ಬರಿಗೆ ಬರುತ್ತದೆ. ಕಾವೇರಿಗೆ ಬಂದಂಥ ತೀವ್ರ ಕಾಯಿಲೆ ಸಾವಿರ ಹೆರಿಗೆಗೆ ಒಂದೋ ಎರಡೋ. ಎರಡಕ್ಕೂ ಚಿಕಿತ್ಸೆ ಇದೆ, ಎರಡೂ ವಾಸಿಯಾಗುತ್ತವೆ. ಎರಡು ವಾರ ಕಳೆದರೂ ಅಳು, ಬೇಸರ, ನಿದ್ದೆಯಿಲ್ಲದಿರುವುದು ಹೋಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಇಲ್ಲದ್ದು ಕಾಣುವುದು, ಕೇಳುವುದು, ಮಗುವಿಗೋ ತನಗೋ ಅಪಾಯ ಮಾಡುವ ಮಾತು ಬಂದರೆ ಕಾಯಬೇಡಿ, 911 ಒತ್ತಿ. 'ನಮ್ಮ ಮನೆತನದಲ್ಲಿ ಅಂಥದ್ದಿಲ್ಲ' ಎನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಬಾಣಂತನಕ್ಕೆ ಊರಿಂದ ಬರುವ ಅಮ್ಮಂದಿರಿಗೂ ಅತ್ತೆಯರಿಗೂ ಇದನ್ನು ಓದಿ ಹೇಳಿ.

"ಹಾಗಾದರೆ ಮಕ್ಕಳು ಮೆಚ್ಚಿದ್ದೆಲ್ಲ ಸರಿ, ನಾವು ಬಾಯಿ ಮುಚ್ಚಿಕೊಂಡಿರಬೇಕೇ?" ಎಂದು ಹಿರಿಯರು ಕೇಳಿಯಾರು. ಇಲ್ಲ ಸ್ವಾಮಿ. ಮಕ್ಕಳೂ ಎಡವುತ್ತಾರೆ. ಕಾವೇರಿ ಸತೀಶನನ್ನು ಆರಿಸಿದ್ದು ತಾನೇ ಅಲ್ಲವೇ? ನಮಗೆ ಕಂಡ ಅಪಾಯವನ್ನು ಹೇಳೋಣ, ಜಗಳವನ್ನೂ ಆಡೋಣ. ಆದರೆ ಎಡವಿದಾಗ ಬಂದು ಬಾಗಿಲು ತಟ್ಟುವಷ್ಟು ಸಲುಗೆಯನ್ನು ಉಳಿಸಿಕೊಂಡು ಜಗಳ ಆಡೋಣ. ತ್ಯಾಗದ ಹೆಸರಿನಲ್ಲಿ ಒಪ್ಪಿಸಿದರೆ ಆ ಬಾಗಿಲು ಮುಚ್ಚುತ್ತದೆ, ಅಲಮೇಲು ತವರಿಗೆ ಬರಲಾರಳು.

ಆದ್ದರಿಂದ ಸಮಿತಿಯವರಲ್ಲಿ ನನ್ನ ಅರಿಕೆ. ಪಟ್ಟಿಯಲ್ಲಿ 'ಕಸ್ತೂರಿ ನಿವಾಸ' ಇರಲಿ. ಜೊತೆಗೆ 'ಬೆಳ್ಳಿಮೋಡ', 'ನಾಗರಹಾವು', 'ಶರಪಂಜರ' ಮೂರನ್ನೂ ಸೇರಿಸಿ. ಮೂರಕ್ಕೂ ವಿಜಯಭಾಸ್ಕರ್ ಅವರದೇ ಸಂಗೀತ, ಹಾಡಿಗೇನೂ ಬರ ಬರುವುದಿಲ್ಲ! ಕತ್ತರಿಸದೆ ಪೂರ್ತಿ ತೋರಿಸಿ. ಮಕ್ಕಳಿಗೆ ಕಥೆ ತಿಳಿಯುವಂತೆ ಒಂದು ಪುಟದ ಇಂಗ್ಲಿಷ್ ಸಾರಾಂಶ ನಾನೇ ಬರೆದು ಕೊಡುತ್ತೇನೆ. ಚಿತ್ರ ಮುಗಿದ ಮೇಲೆ ಮೊದಲ ಮಾತು ಮಕ್ಕಳದಾಗಲಿ, ನಾವು ಅರ್ಧ ಗಂಟೆ ಸುಮ್ಮನೆ ಕೂತು ಕೇಳೋಣ. 'ಶರಪಂಜರ'ದ ದಿನ ಪ್ರಶ್ನೆಗಳಿಗೆ ಉತ್ತರಿಸಲು ನಾನಿರುತ್ತೇನೆ, ನನ್ನ ಹೆಂಡತಿಯೂ ಇರುತ್ತಾಳೆ. ಅಂದಿನ ಕಾಫಿ, ಬಿಸಿಬೇಳೆಬಾತ್ ನಮ್ಮ ಮನೆಯದು.

ಒಪ್ಪದವರು ಮುಂದಿನ ಸಂಚಿಕೆಗೆ ಖಂಡಿತ ಬರೆಯಿರಿ. ಕೋಪ ಮಾಡಿಕೊಂಡು ಊಟಕ್ಕೆ ಬರುವುದನ್ನು ಮಾತ್ರ ಬಿಡಬೇಡಿ.

ನಿಮ್ಮವ,
ಕೂಟದ ಒಬ್ಬ ಹಳೆಯ ಸದಸ್ಯ, ನೋವೈ