ಒಂದೇ ಸ್ಲೇಟು, ನಾಲ್ಕು ಊರು

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ತರುಣ ಬಂಧುವೊಬ್ಬರು ಕಾಸರಗೋಡು ಸೀಮೆಯ ನಕ್ಷೆಯೊಂದನ್ನು ಗಣಕಯಂತ್ರದಲ್ಲಿ ರಚಿಸಿದ್ದರು. ದೂರದ ನಗರಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಊರಿನ ಪರಿಚಯವನ್ನು ಕನ್ನಡದಲ್ಲಿಯೇ ಓದಲಿ ಎಂಬುದು ಅವರ ಆಶಯ. ಬಡಗಣಿಂದ ತೆಂಕಣಕ್ಕೆ ಮಂಜೇಶ್ವರ, ಕುಂಬಳೆ, ಮಧೂರು, ಬೇಕಲ ಎಂದು ನಾಲ್ಕು ಗುರುತುಗಳು. ಒಂದನ್ನು ಒತ್ತಿದರೆ ಆ ಊರಿನ ಹೆಸರೂ ವಿವರವೂ ತೆರೆಯಬೇಕು.

ನಾವು ಮಂಜೇಶ್ವರವನ್ನು ಒತ್ತಿದೆವು. ಗೋವಿಂದ ಪೈಗಳ ಮನೆಯ ಬದಲು ಬೇಕಲದ ಕೋಟೆ ಬಂತು! ಪಾರ್ತಿಸುಬ್ಬನ ಕುಂಬಳೆಯನ್ನು ಒತ್ತಿದರೆ ಅಲ್ಲಿಯೂ ಕೋಟೆ. ಮಧೂರಿನ ಗಣಪತಿಯ ಸನ್ನಿಧಿಯಲ್ಲಿಯೂ ಕೋಟೆ. ಮಕ್ಕಳು ನಕ್ಕರು. ಮನೆಯ ಹಿರಿಯರು ಮಾತ್ರ ನಗಲಿಲ್ಲ. “ಊರು ಇದ್ದಲ್ಲೇ ಇದೆ, ಹೆಸರು ಹೋಯಿತಲ್ಲ!” ಎಂದರು. ಗಡಿನಾಡಿನವರಾದ ನಮಗೆ ಆ ಮಾತು ಸ್ವಲ್ಪ ಆಳಕ್ಕೇ ನಾಟಿತು.

ದೋಷವೆಲ್ಲಿ? ಆ ನಕ್ಷೆಯ ಆದೇಶಗಳು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿದ್ದವು. 1995ರಲ್ಲಿ ಹುಟ್ಟಿದ ಈ ಭಾಷೆಯಲ್ಲಿ ಬಹುಕಾಲ ‘ವಾರ್’ ಎಂಬ ಪದದಿಂದಲೇ ಚರಗಳನ್ನು ಘೋಷಿಸುತ್ತಿದ್ದರು. ಆವರ್ತನೆಯೊಳಗೆ ಹೀಗೆ ಘೋಷಿಸಿದ ಚರ ಪ್ರತಿ ಸುತ್ತಿಗೂ ಹೊಸದಾಗುವುದಿಲ್ಲ. ಇಡೀ ಕಾರ್ಯಕ್ಕೆ ಅದು ಒಂದೇ.

ಹಳೆಯ ಐಗಳ ಮಠವೊಂದನ್ನು ನೆನೆಯೋಣ. ಅಲ್ಲಿರುವುದು ಒಂದೇ ಸ್ಲೇಟು. ಗುರುಗಳು ಅದರಲ್ಲಿ ಒಬ್ಬ ಹುಡುಗನ ಹೆಸರು ಬರೆದು, ಅವನನ್ನು ಸ್ಥಾನದಲ್ಲಿ ಕೂರಿಸಿ, “ಯಾರಾದರೂ ಕೇಳಿದಾಗ ಈ ಸ್ಲೇಟು ನೋಡಿ ಹೇಳು” ಎನ್ನುತ್ತಾರೆ. ಬಳಿಕ ಅದನ್ನು ಒರೆಸಿ ಮುಂದಿನವನ ಹೆಸರು ಬರೆಯುತ್ತಾರೆ. ಸಂಜೆ ತಪಾಸಣೆಗೆ ಬಂದವರು ಯಾರನ್ನು ಕೇಳಿದರೂ ಕೊನೆಯವನ ಹೆಸರೇ ಉತ್ತರ! ಗುರುತುಗಳು ಸ್ಥಾನ ತಪ್ಪದಿದ್ದುದೂ ಇದೇ ಕಾರಣದಿಂದ: ಸ್ಥಾನವನ್ನು ಆಗಲೇ ಬಳಸಿಯಾಗಿತ್ತು, ಹೆಸರನ್ನಾದರೋ ಒತ್ತಿದ ಮೇಲೆ ಹುಡುಕಬೇಕಾಗಿತ್ತು.

ಪರಿಹಾರ ಸುಲಭ. 2015ರ ಪರಿಷ್ಕರಣದಲ್ಲಿ ಈ ಭಾಷೆಗೆ ‘ಲೆಟ್’, ‘ಕಾನ್ಸ್ಟ್’ ಎಂಬ ಎರಡು ಪದಗಳು ಸೇರಿದವು. ಇವುಗಳಿಂದ ಆವರ್ತನೆಯ ಒಳಗೆ ಘೋಷಿಸಿದ ಚರ ಆಯಾ ಸುತ್ತಿಗೆ ಮಾತ್ರ ಸೇರಿದ್ದು. ಪ್ರತಿಯೊಬ್ಬ ಹುಡುಗನಿಗೂ ಪ್ರತ್ಯೇಕ ಸ್ಲೇಟು ದೊರೆತಂತೆ. ಅದಕ್ಕೆ ಮುನ್ನ, ಪ್ರತಿ ಗುರುತಿಗೂ ಬೇರೊಂದು ಕಾರ್ಯವನ್ನು ಕರೆದು ಹೆಸರನ್ನು ಅದರ ಕೈಗೆ ಒಪ್ಪಿಸುವ ಸುತ್ತುದಾರಿಯಿತ್ತು. ನಮ್ಮ ಬಂಧು ಒಂದು ಪದ ತಿದ್ದಿದರು, ಮಂಜೇಶ್ವರ ಮಂಜೇಶ್ವರವಾಯಿತು.

ಅಷ್ಟರಲ್ಲಿ ಇನ್ನೊಂದು ತೊಡಕು ಕಂಡಿತು. ‘ದೇವಾಲಯಗಳು ಮಾತ್ರ’ ಎಂಬ ಗುಂಡಿಯನ್ನು ಒತ್ತಿದರೆ ಹಳೆಯ ಗುರುತುಗಳು ತೊಲಗದೆ, ಅವುಗಳ ಮೇಲೆಯೇ ಹೊಸವು ಕುಳಿತವು. ಗುರುತುಗಳನ್ನು ಕೂಡಿಡುವ ಗುಂಪನ್ನು ಅವರು ನಕ್ಷೆ ಬರೆಯುವ ಕಾರ್ಯದ ಒಳಗೇ ಘೋಷಿಸಿದ್ದರು. ಅಳಿಸಬೇಕಾದ ಕಾರ್ಯಕ್ಕೆ ಅದು ಕಾಣುವುದೇ ಇಲ್ಲ! ಅವರು ಬಳಸಿದ್ದು 2011ರಲ್ಲಿ ಉಕ್ರೇನಿನ ವೊಲೊದಿಮಿರ್ ಅಗಾಫೊಂಕಿನ್ ಹೊರತಂದ ಲೀಫ್‌ಲೆಟ್ ಎಂಬ ಉಚಿತ ಸಾಧನ. ಅದರಲ್ಲಿ ಗುಂಪನ್ನು ಎರಡೂ ಕಾರ್ಯಗಳ ಹೊರಗೆ ಒಮ್ಮೆ ಘೋಷಿಸಿ, ಪ್ರತಿ ಸಲವೂ ಮೊದಲು ಬರಿದುಮಾಡಿ, ಅನಂತರ ತುಂಬಿದರೆ ಸಾಕು.

ಒಂದರಲ್ಲಿ ವ್ಯಾಪ್ತಿ ಹೆಚ್ಚಾಗಿ ಕೆಟ್ಟಿತು, ಇನ್ನೊಂದರಲ್ಲಿ ಕಡಿಮೆಯಾಗಿ ಕೆಟ್ಟಿತು. ಊರಿನ ಹೆಸರು ಆ ಊರಿನದೇ ಆಗಿರಬೇಕು; ಊರುಗಳ ಪಟ್ಟಿ ಮನೆಯ ಎಲ್ಲರ ಕೈಗೂ ಎಟುಕಬೇಕು. ನಮ್ಮ ತರುಣರು ನಕ್ಷೆ ಬರೆಯುವಾಗ ಇಷ್ಟನ್ನು ಲಕ್ಷ್ಯದಲ್ಲಿಡಲಿ. ಮುಗಿಸಿದ ಬಳಿಕ ಕೊನೆಯ ಗುರುತನ್ನಷ್ಟೇ ಅಲ್ಲ, ಮೊದಲನೆಯದನ್ನೂ ಒತ್ತಿ ನೋಡಲಿ. ಕೊನೆಯದು ಯಾವಾಗಲೂ ಸರಿಯಾಗಿಯೇ ಕಾಣುತ್ತದೆ.